ಬಾವಿಗಿಳಿದ ಕಾಲು

ಆ ಬಾವಿಗೆ ನಾರು ಬಿಟ್ಟವಳು ನಾನು.

ಲಂಬಾಣಿ ತಾಂಡಾದ ಹೆಣ್ಣುಮಕ್ಕಳಲ್ಲ. ರಾಬಿಯಾ ಕೆಲಸಗಳ್ಳಿಯೂ ಅಲ್ಲ. ಊರಿನವರು, ಸಾಹೇಬರು, ತಾಲ್ಲೂಕಿನ ದವಾಖಾನೆಯವರು ಇಷ್ಟು ವರ್ಷ ಏನು ನಂಬಿಕೊಂಡು ಬಂದರೋ ಅದೆಲ್ಲ ಸುಳ್ಳು, ಮತ್ತು ಆ ಸುಳ್ಳನ್ನು ಹೇಳಿದವಳೂ ನಾನೇ. ಬಿಳಿ ಸೀರೆ ಉಟ್ಟು, ಓಣಿ ಓಣಿ ತಿರುಗಿ, "ನಾರು ಎದ್ದವರು ಬಾವ್ಯಾಗ ಕಾಲಿಡಬ್ಯಾಡ್ರಿ" ಎಂದು ಗಂಟಲು ಹರಿದುಕೊಂಡ ಸರಕಾರಿ ನರ್ಸು — ನಾನೇ ನಾರು ಎದ್ದ ಕಾಲನ್ನು ಊರು ಕುಡಿಯುವ ನೀರಿನಲ್ಲಿ ಇಳಿಬಿಟ್ಟೆ. ಗೊತ್ತಿಲ್ಲದೆ ಅಲ್ಲ. ಗೊತ್ತಿದ್ದೇ.

ಈಗಿನ ಹುಡುಗರಿಗೆ ನಾರು ಅಂದರೇನೆಂದು ಗೊತ್ತಿಲ್ಲ, ಪುಣ್ಯ ಅವರದು. ನಮ್ಮ ಜೇವರ್ಗಿ ಕಡೆ ಮೆಟ್ಟಿಲ ಬಾವಿಯ ನೀರು ಕುಡಿಯುತ್ತಿದ್ದ ಕಾಲದಲ್ಲಿ ಅದು ಮನೆಮನೆಯ ಸಂಕಟವಾಗಿತ್ತು. ನೀರಿನಲ್ಲಿ ಕಂಡೂ ಕಾಣದಂಥ ನುಸಿ ಇರುತ್ತದೆ, ಅದರ ಹೊಟ್ಟೆಯಲ್ಲಿ ನಾರಿನ ಮರಿ. ಕುಡಿದರೆ ಒಂದು ವರ್ಷ ಏನೂ ಗೊತ್ತಾಗುವುದಿಲ್ಲ. ವರ್ಷ ತಿರುಗಿ ಬೇಸಿಗೆ ಬಂದಾಗ ಕಾಲಿನಲ್ಲೊಂದು ಗುಳ್ಳೆ ಏಳುತ್ತದೆ, ಕೆಂಡ ಇಟ್ಟ ಹಾಗೆ ಉರಿಯುತ್ತದೆ, ಒಡೆದರೆ ಒಳಗಿನಿಂದ ಬಿಳಿ ನೂಲಿನಂಥ ಹುಳ ತಲೆ ಹೊರಗೆ ಹಾಕುತ್ತದೆ. ಅದನ್ನು ಕಡ್ಡಿಗೆ ಸುತ್ತಿ ದಿನಾ ಇಷ್ಟಿಷ್ಟೇ ಎಳೆಯಬೇಕು. ನಡುವೆ ಹರಿಯಿತೋ, ಕಾಲು ಬಾತು ಕೀವು ತುಂಬಿ ಆಳು ಹಾಸಿಗೆ ಹಿಡಿದ ಹಾಗೆಯೇ. ಉರಿ ತಾಳಲಾರದೆ ಆ ಕಾಲನ್ನು ಬಾವಿಗೆ ಇಳಿಬಿಟ್ಟರೆ ಹುಳ ತನ್ನ ಮರಿಗಳನ್ನೆಲ್ಲ ನೀರಿಗೆ ಚೆಲ್ಲುತ್ತದೆ. ಆ ನೀರು ಕುಡಿದವರಿಗೆ ಮುಂದಿನ ಬೇಸಿಗೆಗೆ ನಾರು. ಇದಕ್ಕೆ ಗುಳಿಗೆಯಿಲ್ಲ, ಸೂಜಿಯಿಲ್ಲ. ನೀರನ್ನು ದಪ್ಪ ಅರಿವೆಯಲ್ಲಿ ಸೋಸಿ ಕುಡಿಯಬೇಕು, ನಾರು ಎದ್ದವರು ಬಾವಿಗೆ ಇಳಿಯಬಾರದು, ಅಷ್ಟೇ.

ನನ್ನ ಹೆಸರು ಸಿದ್ದಮ್ಮ. ತವರು ಅಂದೋಲಾ. ಮದುವೆಯಾಗಿ ಆ ಮನೆಗೆ ಹೊಂದಿಕೊಳ್ಳುವ ಮೊದಲೇ ಗಂಡ ತೀರಿಕೊಂಡ. ಅಪ್ಪ ಮಂದಿಯ ಮಾತಿಗೆ ಕಿವಿಗೊಡದೆ ಗುಲಬರ್ಗಾಕ್ಕೆ ಕಳಿಸಿ ನರ್ಸಿನ ತರಬೇತಿ ಕೊಡಿಸಿದ. ಕೆಲಸ ಸಿಕ್ಕಿದ್ದು ಯಡ್ರಾಮಿ ಹತ್ತಿರದ ಒಂದು ಊರಿನಲ್ಲಿ — ಹೆಸರು ಬೇಡ, ಅಲ್ಲಿಯವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ. ಹೆರಿಗೆ ಮಾಡಿಸುತ್ತಿದ್ದೆ, ಕೂಸುಗಳಿಗೆ ಸೂಜಿ ಹಾಕುತ್ತಿದ್ದೆ, ನೀರು ಸೋಸಿರಿ ಅಂತ ಬೈಯುತ್ತಿದ್ದೆ. ಹೌದು, ಬೈಯುತ್ತಿದ್ದೆ. ಮೂಗಿನ ತುದಿಗೆ ಸಿಟ್ಟು ನನಗೆ. "ನಿಮಗ ಬುದ್ಧಿ ಯಾವಾಗ ಬರ್ತದ? ಕಾಲು ಕೊಳತ ಮ್ಯಾಲೆ ಬರ್ತದೇನು?" ಎಂದು ಅಂಗಳದಲ್ಲಿ ನಿಂತು ಒದರಿದರೆ ಹೆಂಗಸರು ಸೆರಗು ಬಾಯಿಗೆ ಇಟ್ಟುಕೊಂಡು "ಹೌದ್ರಿ ಸಿಸ್ಟರ್, ಹೌದ್ರಿ" ಅನ್ನುತ್ತಿದ್ದರು. ನಾನು ಓಣಿ ದಾಟಿದ ಮೇಲೆ ಅದೇ ಬಾವಿ, ಅದೇ ಕೊಡ. ನನಗೆ ಹೆದರುತ್ತಿದ್ದರು. ಒಬ್ಬರಾದರೂ "ಬರ್ರಿ, ಒಂದು ರೊಟ್ಟಿ ತಿಂದು ಹೋಗ್ರಿ" ಅಂದವರಿಲ್ಲ.

ಎಂಬತ್ತರ ದಶಕದ ಮೊದಲ ವರ್ಷಗಳವು. ನಾರಿನ ಕೆಲಸಕ್ಕೆಂದೇ ಬೇರೆ ಒಬ್ಬಳನ್ನು ಹಾಕಿದರು. ರಾಬಿಯಾ. ಅಫಜಲಪುರ ಕಡೆಯ ಗೊಬ್ಬೂರಿನ ಹುಡುಗಿ, ನನಗಿಂತ ಬಹಳ ಚಿಕ್ಕವಳು, ಮಾತು ಬಹಳ, ನಗು ಅದಕ್ಕಿಂತ ಬಹಳ. ಬಂದ ದಿನವೇ "ಅಕ್ಕಾ" ಅಂದಳು. ನಾನು ಅವಳಿಗೆ ಅಕ್ಕ ಆಗುತ್ತೇನೆ ಅಂತ ಯಾವಾಗ ಒಪ್ಪಿದ್ದೆ?

ವಾರ ಕಳೆಯುವುದರೊಳಗೆ ಅವಳು ಊರಿನ ಎಲ್ಲ ಒಲೆಗಳ ಮುಂದೆ ಕೂತು ಎದ್ದಿದ್ದಳು. ನಾನು ಹೊರಗೆ ನಿಂತು ಹೇಳುತ್ತಿದ್ದುದನ್ನು ಅವಳು ಒಳಗೆ ಹಿಟ್ಟು ನಾದುತ್ತ ಹೇಳುತ್ತಿದ್ದಳು. ರೊಟ್ಟಿ ಬಡಿಯಲು ಬರದಿದ್ದರೂ ಬಡಿಯುತ್ತಿದ್ದಳು, ಹರಿದರೆ ತಾನೇ ನಗುತ್ತಿದ್ದಳು. "ರಾಬಿಯಾ ಬಂದಾಳ ಬರ್ರಿ" ಅಂತ ಒಂದು ಮನೆಯಿಂದ ಇನ್ನೊಂದು ಮನೆಗೆ ಕೂಗು ಹೋಗುತ್ತಿತ್ತು. ನಾನು ಅದೇ ಓಣಿಯಲ್ಲಿ ಔಷಧದ ಡಬ್ಬಿ ಹಿಡಿದು ಹೋಗುತ್ತಿದ್ದರೆ ಆ ಕೂಗು ಸಣ್ಣಗಾಗುತ್ತಿತ್ತು. ನನ್ನದು ಹೊಟ್ಟೆಕಿಚ್ಚು ಅಂತ ಆಗ ಒಪ್ಪಿಕೊಳ್ಳುತ್ತಿರಲಿಲ್ಲ. "ಈ ಪೋರಿಗೆ ಕೆಲಸದ ಶಿಸ್ತಿಲ್ಲ" ಎಂದು ಹೆಸರಿಟ್ಟುಕೊಂಡಿದ್ದೆ.

ಒಂದು ದಿನ ಗುರುಬಸವ್ವನ ಕಟ್ಟೆ. ಗುರುಬಸವ್ವ ನಮ್ಮ ಓಣಿಯ ಹಿರಿಯ ಮುದುಕಿ, ಬಾವಿಯ ಹತ್ತಿರವೇ ಮನೆ, ಅವಳು ಹೂಂ ಅಂದರೆ ಓಣಿಯೆಲ್ಲ ಹೂಂ. ರಾಬಿಯಾ ಅವಳ ಕಾಲ ಬುಡದಲ್ಲಿ ಕೂತಿದ್ದಳು.

"ಯವ್ವಾ, ಲಿಂಗದ ಪೂಜಿಗಿ ದಿನಾ ಎಂಥ ನೀರು ಹಾಕ್ತೀರಿ?"

"ಸೋಸಿದ್ದು ಬೇ. ಹಂಗೇ ಹಾಕ್ತಾರೇನು ಯಾರರೆ?"

"ಲಿಂಗ ಎಲ್ಲಿರ್ತದ್ರಿ?"

ಮುದುಕಿ ಸೆರಗಿನ ಒಳಗೆ ಕೈಯಿಟ್ಟು ಮುಟ್ಟಿಕೊಂಡಳು. "ಎದಿ ಮ್ಯಾಲೆ."

"ಹಂಗಾದ್ರ ಎದಿ ಮ್ಯಾಲಿನ ದೇವರಿಗಿ ಸೋಸಿದ್ದು, ಎದಿ ಒಳಗ ಇಳಿಯೋದಕ್ಕ ಸೋಸಲಾರದ್ದು — ಇದ್ಯಾವ ನ್ಯಾಯ ಯವ್ವಾ?"

ಕಟ್ಟೆಯ ಮೇಲಿನವರೆಲ್ಲ ನಕ್ಕರು. ಗುರುಬಸವ್ವನೂ ನಕ್ಕಳು, ಆಮೇಲೆ "ಖರೇ ಹೇಳ್ತದ ನೋಡ್ರಿ ಈ ಸಾಬರ ಹುಡುಗಿ" ಅಂದಳು. ಮುಗಿಯಿತು. ಮರುದಿನದಿಂದ ಓಣಿಯ ಪ್ರತಿ ಕೊಡದ ಬಾಯಿಗೂ ಅರಿವೆ.

ನಾನು ಅಲ್ಲೇ ನಿಂತಿದ್ದೆ. ನನ್ನ ಎದೆಯ ಮೇಲೂ ಲಿಂಗವಿತ್ತು. ನಾನೂ ಹುಟ್ಟಿದಾಗಿನಿಂದ ಪೂಜೆಯ ನೀರು ಸೋಸಿದವಳು. ಇಷ್ಟು ವರ್ಷ ಊರಿಗೆ ತಲೆ ಚಚ್ಚಿಕೊಂಡು ಹೇಳಿದ ನನಗೆ ಈ ಒಂದು ಮಾತು ಹೊಳೆಯಲಿಲ್ಲ. ನಮ್ಮ ಮನೆಯ ಮಾತು, ನಮ್ಮ ಅವ್ವನ ಮಾತು — ಅದನ್ನು ಅವಳು ಬಂದು ಎತ್ತಿಕೊಂಡು ಹೋದಳು. ಕಳವು ಮಾಡಿದಳು ಅನಿಸಿತು. ಡಬ್ಬಿ ಎತ್ತಿಕೊಂಡು ಬಂದುಬಿಟ್ಟೆ.

ಅವಳು ಮುಸಲ್ಮಾನರ ಓಣಿಯಲ್ಲಿ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ನೀರಿನ ಮಾತು ತೆಗೆದಳಂತೆ. ಹೊಲಗೇರಿಯಲ್ಲಿ ಮತ್ತೇನೋ. ತಾಂಡಾಕ್ಕೆ ಹೋಗಿ ಹೀರಾಬಾಯಿ ಎಂಬ ಲಂಬಾಣಿ ಹೆಂಗಸನ್ನು ಗೆಳತಿ ಮಾಡಿಕೊಂಡಳು. ಸರಕಾರ ಕೊಟ್ಟ ದಪ್ಪ ಅರಿವೆಯ ಅಂಚನ್ನು ತಾಂಡಾದವರು ಹೊಲಿದರು, ಮೇಲಿನ ಮಗ್ಗಲು ಯಾವುದು ಅಂತ ಗುರುತಿಗೆ ಮೂಲೆಯಲ್ಲಿ ಕೆಂಪು ದಾರದ ಒಂದು ಹೂವು ಹಾಕಿದರು. ಅರಿವೆ ತಿರುವಿ ಹಾಕಿದರೆ ಸೋಸಿದ ನುಸಿಯೆಲ್ಲ ಮತ್ತೆ ಕೊಡಕ್ಕೇ ಬೀಳುತ್ತದಲ್ಲ, ಅದಕ್ಕೆ. ಲಂಬಾಣಿಗಳ ಹೊಲಿಗೆ ಲಿಂಗಾಯತರ ಕೊಡದ ಮೇಲೆ ಕೂತಿತು, ಒಬ್ಬರೂ ತುಟಿ ಎರಡು ಮಾಡಲಿಲ್ಲ.

ನನಗೂ ಒಂದು ತಂದಳು. "ಅಕ್ಕಾ, ಇದು ನಿಮಗ. ಹೀರಾಬಾಯಿ ಜರಾ ದೊಡ್ಡ ಹೂವು ಹಾಕ್ಯಾಳ."

"ನನ್ನ ಮನ್ಯಾಗ ಅರಿವಿ ಅದ."

ಅವಳು ನನ್ನ ಕೊಡದ ಮೇಲಿನ ಅರಿವೆ ತೆಗೆದು ಬಾಗಿಲ ಬೆಳಕಿಗೆ ಹಿಡಿದಳು. ಅವ್ವನ ಹಳೆಯ ಇಳಕಲ್ ಸೀರೆಯ ತುಂಡು. "ಇದು ಸವದದ ಅಕ್ಕಾ. ಆ ಕಡೀದು ಕಾಣಾಕತ್ತದ ನೋಡ್ರಿ. ಇದರಾಗ ನುಸಿ ನಿಲ್ಲಂಗಿಲ್ಲ."

"ನಿಮ್ಮವ್ವ ಹುಟ್ಟೂಕಿಂತ ಮೊದಲಿಂದ ನಮ್ಮ ಮನ್ಯಾಗ ನೀರು ಸೋಸ್ತಾರ. ನೀ ನನಗ ಹೇಳಿಕೊಡಬ್ಯಾಡ."

ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಹೊಸ ಅರಿವೆ ಇಟ್ಟು ಹೋದಳು. ನಾನು ಅದನ್ನು ಒಲೆಯ ಮೇಲಿನ ಪಾತ್ರೆ ಇಳಿಸುವ ಮಸಿ ಅರಿವೆ ಮಾಡಿದೆ. ಆ ಕೆಂಪು ಹೂವು ಕಪ್ಪಾಗುವುದನ್ನು ನೋಡಿ ಖುಷಿಪಟ್ಟೆ. ನೀರು ಮಾತ್ರ ಅವ್ವನ ಸವೆದ ತುಂಡಿನಲ್ಲೇ ಸೋಸಿ ಕುಡಿದೆ, ಆ ಬೇಸಿಗೆಯೆಲ್ಲ.

ಅವಳು ಮಾಡಿದ ದೊಡ್ಡ ಕೆಲಸ ಇನ್ನೊಂದಿದೆ. ಅದನ್ನು ನಾನು ಹಾಳು ಮಾಡಿದ್ದರಿಂದ ಹೇಳಲೇಬೇಕು. ಬೇಸಿಗೆಯಲ್ಲಿ ತಾಂಡಾದ ನೀರು ಬತ್ತುತ್ತಿತ್ತು. ನಮ್ಮೂರ ಬಾವಿಗೆ ಅವರನ್ನು ಬಿಡುತ್ತಿರಲಿಲ್ಲ. ರಾಬಿಯಾ ಗುರುಬಸವ್ವನ ಕಟ್ಟೆಯಲ್ಲೇ ಕೂತು ಒಂದು ಕಟ್ಟಳೆ ಮಾಡಿಸಿದಳು: ಮೈಯಲ್ಲಿ ಹುಣ್ಣಿಲ್ಲದ ಊರಿನವರು ಮಾತ್ರ ಮೆಟ್ಟಿಲು ಇಳಿಯಬೇಕು, ನಾರು ಎದ್ದವರು ಮೇಲೆ ಕೂತಿದ್ದರೆ ಅವರ ಕೊಡವನ್ನೂ ಇವರೇ ತುಂಬಿ ತರಬೇಕು. ತಾಂಡಾದವರೂ ಮೇಲೆಯೇ ಕೂತಿರಬೇಕು, ಅವರ ಕೊಡವೂ ಹಾಗೆಯೇ ತುಂಬಬೇಕು. ಊರಿನವರಿಗೆ ತಮ್ಮ ಬಾವಿ ತಮ್ಮ ಕೈಯಲ್ಲೇ ಉಳಿಯಿತು ಅಂತ ಸಮಾಧಾನ, ತಾಂಡಾದವರಿಗೆ ನೀರು ಸಿಕ್ಕಿತು. ತಾಂಡಾದ ಒಬ್ಬ ಹೆಣ್ಣುಮಗಳೂ ಆ ನೀರನ್ನು ಕಾಲಿನಿಂದ ಮುಟ್ಟಲಿಲ್ಲ. ಇದನ್ನು ನೆನಪಿಡಿರಿ.

ಮರು ಬೇಸಿಗೆ ಕೆಲವರಿಗೆ ನಾರು ಎದ್ದಿತು, ಅವೆಲ್ಲ ಅರಿವೆ ಬರುವ ಮುಂಚೆ ಕುಡಿದ ನೀರಿನವು. ಒಬ್ಬರೂ ಬಾವಿಗೆ ಇಳಿಯಲಿಲ್ಲ. ಹೀಗೇ ನಡೆದರೆ ಮುಂದಿನ ಬೇಸಿಗೆಗೆ ಊರಲ್ಲಿ ನಾರಿನ ಹೆಸರು ಇರುವುದಿಲ್ಲ ಅಂತ ಎಲ್ಲರಿಗೂ ಗೊತ್ತಿತ್ತು. ತಾಲ್ಲೂಕಿನ ಡಾಕ್ಟರ್ ಸಾಹೇಬರು ಜೀಪಿನಲ್ಲಿ ಬಂದು ರಾಬಿಯಾಳ ಬೆನ್ನು ತಟ್ಟಿದರು. ನನ್ನ ಕಡೆ ತಿರುಗಿ "ನೀವೂ ಸ್ವಲ್ಪ ಈಕೆ ಕಡಿಂದ ಕಲೀರಿ ಸಿಸ್ಟರ್" ಅಂದರು. ಊರ ಮುಂದೆ!

ಅದೇ ವಾರ ನನ್ನ ಎಡಗಾಲಿನ ಗಿಣ್ಣಿನ ಮೇಲೆ ಗುಳ್ಳೆ ಎದ್ದಿತು.

ಏನೆಂದು ನೋಡಿದ ಕೂಡಲೇ ಗೊತ್ತಾಯಿತು. ರಾಬಿಯಾ ಅರಿವೆಯನ್ನು ಬೆಳಕಿಗೆ ಹಿಡಿದು "ಸವದದ ಅಕ್ಕಾ" ಅಂದದ್ದು ಕಣ್ಣ ಮುಂದೆ ಬಂತು. ಈಗ ನಾನು ಬಾವಿಯ ಮೇಲೆ ಕೂತು ನೀರು ತುಂಬಿಸಿಕೊಳ್ಳಬೇಕೇ? ಗುರುಬಸವ್ವ, ಹೀರಾಬಾಯಿ, ಎಲ್ಲರೂ ನೋಡುವಂತೆ? "ನೋಡ್ರಿ, ಸಿಸ್ಟರಿಗೇ ನಾರು" ಅಂತ ಊರೆಲ್ಲ ಆಡಿಕೊಳ್ಳಬೇಕೇ? ಅವಳು ಬಂದು ನನ್ನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಮಾತೂ ಆಡಿ ತೋರಿಸದೆ, ನಗುತ್ತ ಕಡ್ಡಿಗೆ ಹುಳ ಸುತ್ತಬೇಕೇ? ಸತ್ತರೂ ಬೇಡ ಅಂದುಕೊಂಡೆ.

ಎರಡು ದಿನ ಹಲ್ಲು ಕಚ್ಚಿ ತಿರುಗಿದೆ. ಆ ಉರಿಯನ್ನು ಏನು ಹೇಳಲಿ — ಕಾಲನ್ನು ಕಡಿದು ಎಸೆದರೆ ಸಾಕು ಅನಿಸುತ್ತಿತ್ತು. ಮನೆಯಲ್ಲಿ ನೀರು ತೀರಿತು. ಬೆಳಗು ಹರಿಯುವಾಗ, ಇನ್ನೂ ಯಾರೂ ಬಂದಿರದ ಹೊತ್ತಿನಲ್ಲಿ, ಕೊಡ ಹಿಡಿದು ಬಾವಿಗೆ ಹೋದೆ. ನೀರಿನ ಅಂಚಿನ ಮೆಟ್ಟಿಲ ಮೇಲೆ ಕೂತು ಗುಳ್ಳೆಗೆ ಕಟ್ಟಿದ್ದ ಪಟ್ಟಿ ಬಿಚ್ಚಿದೆ. ತುಂಬಿಕೊಂಡು ಮೇಲೆ ಹತ್ತಬಹುದಿತ್ತು. ಮೇಲೆ ಕೂತು ಕಾಲಿನ ಮೇಲೆ ಸುರಿದುಕೊಳ್ಳಬಹುದಿತ್ತು. ಕಾಲು ತಾನೇ ಇಳಿಯಿತು ಅಂತ ಬರೆಯಬೇಕು ಅನಿಸುತ್ತದೆ. ಇಲ್ಲ. ನಾನು ಇಳಿಸಿದೆ. ಹಾಯ್ ಎಂದಿತು ಜೀವ. ಗಿಣ್ಣಿನ ಸುತ್ತ ನೀರು ಹಾಲು ಬಿದ್ದ ಹಾಗೆ ಒಂದಿಷ್ಟು ಬೆಳ್ಳಗಾಯಿತು. ಅದೇನೆಂದು ನನಗಿಂತ ಚೆನ್ನಾಗಿ ಆ ಊರಲ್ಲಿ ಯಾರಿಗೆ ಗೊತ್ತಿತ್ತು?

ಮೇಲಿನಿಂದ ಸಪ್ಪಳ ಆಯಿತು. ಗುರುಬಸವ್ವ.

"ಸಿಸ್ಟರ್... ನೀರಾಗ ಕಾಲು ಬಿಟ್ಟೀರಲ್ರಿ?"

"ಮುಳ್ಳು ನಟ್ಟದ ಯವ್ವಾ. ತೊಳ್ಕೊಳಾಕತ್ತೀನಿ."

ಮುದುಕಿ ನನ್ನ ಕಾಲು ನೋಡಿದಳು, ಮುಖ ನೋಡಿದಳು. ಅವಳ ಮನೆಯ ಕೂಸುಗಳೆಲ್ಲ ನನ್ನ ಕೈಯಲ್ಲೇ ಹುಟ್ಟಿದ್ದವು. ಆ ಕಡೆಯ ಮೆಟ್ಟಿಲಿಗೆ ಸರಿದು ಕೊಡ ತುಂಬಿಕೊಂಡು ಹೋದಳು.

ಅಂದು ಮಧ್ಯಾಹ್ನ ರಾಬಿಯಾ ಬಂದಳು. "ಅಕ್ಕಾ, ಕುಂಟಾಕತ್ತೀರಂತ. ಮುಳ್ಳು ಮುರದದೇನು? ತೋರಸ್ರಿ, ನಾ ತೆಗಿತೀನಿ." ನಾನು ಕಾಲನ್ನು ಸೀರೆಯೊಳಗೆ ಎಳೆದುಕೊಂಡೆ. "ತೆಗದೀನಿ. ನೀ ನಿನ್ನ ಕೆಲಸ ನೋಡಿಕೋ" ಅಂದೆ. ಅವಳು ಹೋದಳು. ಸ್ವಲ್ಪ ಹೊತ್ತಿಗೆ ಹೊಸ್ತಿಲ ಮೇಲೆ ತುಂಬಿದ ಕೊಡ ಇಟ್ಟ ಸಪ್ಪಳವಾಯಿತು. "ಕಾಲು ಆರಾಮ ಆಗೂ ತನಾ ನಾನೇ ನೀರು ತರ್ತೀನಿ ಅಕ್ಕಾ, ಬಾವಿ ಮೆಟ್ಲ ಹತ್ತಬ್ಯಾಡ್ರಿ" ಎಂದು ಹೊರಗಿನಿಂದಲೇ ಕೂಗಿ ಹೇಳಿದಳು. ಕೊಡದ ಬಾಯಿಗೆ ಕೆಂಪು ಹೂವಿನ ಅರಿವೆ ಕಟ್ಟಿತ್ತು.

ಇಲ್ಲಿಗೆ ನಿಲ್ಲಬಹುದಿತ್ತು. ನೀರು ಬಾಗಿಲಿಗೆ ಬಂದಿತ್ತು, ಯಾರಿಗೂ ಏನೂ ಗೊತ್ತಾಗಿರಲಿಲ್ಲ, ಬಾಗಿಲು ಹಾಕಿಕೊಂಡು ಹುಳವನ್ನು ನಾನೇ ಎಳೆದುಕೊಂಡರೆ ಆಗುತ್ತಿತ್ತು. ನಾನು ಏನು ಮಾಡಿದೆ? ಆ ಕೊಡವನ್ನು ಎತ್ತಿ ಹಿತ್ತಲಿಗೆ ಸುರಿದೆ. ಅವಳು ತಂದ ನೀರು ನನ್ನ ಗಂಟಲಲ್ಲಿ ಇಳಿಯುವುದು ಬೇಡ, ಅವಳ ಉಪಕಾರ ಬೇಡ, ಅವಳ ಒಳ್ಳೆಯತನ ಬೇಡವೇ ಬೇಡ. ಮರುದಿನ ಬೆಳಿಗ್ಗೆ ಬರಿ ಕೊಡ ಹಿಡಿದು ಮತ್ತೆ ಬಾವಿಗೆ ಹೋದೆ. ಮತ್ತೆ ಕಾಲು ಇಳಿಬಿಟ್ಟೆ. ಮೊದಲ ದಿನ ಉರಿಗೆ ಇಳಿದಿದ್ದೆ. ಎರಡನೇ ದಿನ ಉರಿ ಅಷ್ಟಿರಲಿಲ್ಲ. ನೀರು ಮತ್ತೆ ಬೆಳ್ಳಗಾಗುವುದನ್ನು ನೋಡುತ್ತ ಕೂತೆ, ಮನಸ್ಸಿನಲ್ಲಿ ಒಂದು ಮಾತು ಎದ್ದಿತು — "ನೋಡೋಣ, ಮುಂದಿನ ವರ್ಷ ಅದ್ಹೆಂಗ ಬೆನ್ನು ತಟ್ಟಿಸ್ಕೋತಿ."

ಬರೆದುಬಿಟ್ಟೆ. ಈ ವಾಕ್ಯ ಬರೆಯಲಿಕ್ಕೇ ಇಷ್ಟು ವರ್ಷ ಹಿಡಿಯಿತು.

ವರ್ಷ ತಿರುಗಿತು. ಬೇಸಿಗೆ ಕಾಲಿಟ್ಟ ಕೂಡಲೇ ಒಬ್ಬರಾದ ಮೇಲೊಬ್ಬರು ಹಾಸಿಗೆ ಹಿಡಿದರು. ಮನೆಯಲ್ಲಿ ಎಲ್ಲರೂ ಸೋಸಿಯೇ ಕುಡಿಯುತ್ತಿದ್ದರು, ಆದರೆ ಹೊಲದಿಂದ ಬರುವಾಗ ದಾಹ ತಡೆಯದೆ ಬಾವಿಯಲ್ಲೇ ಬೊಗಸೆ ನೀರು ಕುಡಿದವರು ಎಷ್ಟೋ ಮಂದಿ. ಬಾವಿಗೆ ನಾರು ಇಳಿಯದಿದ್ದರೆ ಆ ಬೊಗಸೆಯಿಂದ ಏನೂ ಆಗುತ್ತಿರಲಿಲ್ಲ. ರಾಬಿಯಾ ಹುಚ್ಚಿಯ ಹಾಗೆ ಮನೆಯಿಂದ ಮನೆಗೆ ಓಡುತ್ತಿದ್ದಳು. "ಯಾರೂ ಇಳಿದಿಲ್ಲ ಅಕ್ಕಾ, ಯಾರೂ ಇಳಿದಿಲ್ಲ, ಎಲ್ಲಿಂದ ಬಂತು?" ಅಂತ ನನ್ನನ್ನೇ ಕೇಳಿದಳು.

ಸಾಹೇಬರು ಬಂದು ಚಾವಡಿಯಲ್ಲಿ ಊರನ್ನು ಕೂಡಿಸಿದರು. ಸಿಟ್ಟಿನಲ್ಲಿದ್ದರು. ಹಿರಿಯಳು ಅಂತ ನನ್ನನ್ನು ಮೊದಲು ಕೇಳಿದರು: "ನಾರು ಎದ್ದವರು ಯಾರರೆ ಬಾವಿಗಿ ಇಳಿದಿದ್ರಾ ಸಿಸ್ಟರ್?"

ಗುರುಬಸವ್ವ ಅಲ್ಲಿರಲಿಲ್ಲ. ರಾಬಿಯಾ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ಅವಳ ಪರ ಆಡುತ್ತೇನೆ ಅಂತ. ನಾನು ಅಂದೆ:

"ತಾಂಡಾದ ಹೆಣ್ಮಕ್ಕಳು ಇಳಿತಿದ್ರು ಸಾಹೇಬ್ರ. ರಾಬಿಯಾಗ ಗೊತ್ತದ. ಅಕೀನೇ ಬಿಟ್ಟುಕೊಂಡಿದ್ಳು."

ಮುಂದಿನದು ಅರ್ಧ ತಾಸಿನಲ್ಲಿ ಮುಗಿಯಿತು. ಊರಿನವರಿಗೆ ಅದೇ ಬೇಕಾಗಿತ್ತೋ ಏನೋ, ಒಬ್ಬರೂ "ನೀ ನೋಡೀಯೇನು?" ಅಂತ ಕೇಳಲಿಲ್ಲ. ತಾಂಡಾದವರು ಬಾವಿಯ ಕಡೆ ಸುಳಿಯಬಾರದು ಅಂತ ಆಯಿತು. ರಾಬಿಯಾಳನ್ನು ನಾರಿನ ಕೆಲಸದಿಂದ ತೆಗೆದು ಆಳಂದದ ಆ ತುದಿಗೆ, ಮಹಾರಾಷ್ಟ್ರದ ಗಡಿಗೆ ಬದಲಿ ಮಾಡಿದರು. ಅವಳು ಎದ್ದು ನಿಂತು "ಅವರು ಇಳಿದಿಲ್ರಿ ಸಾಹೇಬ್ರ" ಅಂದಳು, ಯಾರೂ ಕೇಳಿಸಿಕೊಳ್ಳಲಿಲ್ಲ. ಆ ದಿನ ನನಗೆ ಊಟ ರುಚಿ ಹತ್ತಿತು. ಅದನ್ನೂ ಬರೆಯುತ್ತೇನೆ. ಹೊಟ್ಟೆ ತುಂಬ ಉಂಡೆ.

ಹೋಗುವ ದಿನ ಅವಳು ನನ್ನ ಮನೆಗೆ ಬಂದಳು. ಜಗಳ ತೆಗೆಯುತ್ತಾಳೆ ಅಂತ ಸೆರಗು ಸಿಕ್ಕಿಸಿಕೊಂಡು ನಿಂತಿದ್ದೆ. "ನಿಮಗ ಯಾರೋ ಸುಳ್ಳು ಹೇಳ್ಯಾರ ಅಕ್ಕಾ" ಅಂದಳು. "ತಾಂಡಾದವರು ಖರೇನೇ ಇಳಿದಿಲ್ಲ. ನಾನೇ ಎಲ್ಲೋ ಕಣ್ಣು ತಪ್ಪಿಸೀನಿ. ಇನ್ನ ಮ್ಯಾಲೆ ಬಾವಿ ನೀವ ನೋಡ್ಕೋರಿ." ಬಗ್ಗಿ ನನ್ನ ಕಾಲು ಮುಟ್ಟಿದಳು. ಎಡಗಾಲೇ. ಪಟ್ಟಿ ಯಾವತ್ತೋ ಬಿಚ್ಚಿದ್ದೆ, ಸೀರೆಯ ಅಂಚಿನ ಕೆಳಗೆ ಗಾಯದ ಗುರುತು ಇತ್ತು. ಅವಳು ನೋಡಲಿಲ್ಲ.

ಆಮೇಲೆ ಗುರುಬಸವ್ವನಿಗೂ ನಾರು ಎದ್ದಿತು, ಮೊಣಕಾಲಿನ ಹತ್ತಿರ. ಕಡ್ಡಿಗೆ ಸುತ್ತಲು ನಾನೇ ಹೋದೆ, ಇನ್ನಾರಿದ್ದರು? ಮನೆಯವರು ಹೊರಗೆ ಹೋದ ಮೇಲೆ ಮುದುಕಿ ಕಣ್ಣು ಮುಚ್ಚಿಕೊಂಡೇ ಅಂದಳು: "ಸಿಸ್ಟರ್, ನಿಮ್ಮ ಮುಳ್ಳು ನನಗ ನಟ್ಟದ ನೋಡ್ರಿ." ನನ್ನ ಕೈ ನಿಂತಿತು. "ಸುತ್ತರಿ, ಸುತ್ತರಿ, ನಾ ಯಾರ ಮುಂದೂ ಹೇಳಂಗಿಲ್ಲ" ಅಂದಳು. ಹೇಳಲಿಲ್ಲ ಕೂಡ. ಹುಳ ನಡುವೆ ಹರಿಯಿತು. ಅವಳ ಮೊಣಕಾಲು ಸೆಟೆದು ನಿಂತದ್ದು ಮತ್ತೆ ಮಡಚಲಿಲ್ಲ. ಸಾಯುವ ತನಕ ಕಾಲು ಚಾಚಿಕೊಂಡೇ ಕಟ್ಟೆಯ ಮೇಲೆ ಕೂತಿರುತ್ತಿದ್ದಳು. ನಾನು ಆ ಓಣಿ ಬಿಟ್ಟು ಹಿಂದಿನ ದಾರಿಯಲ್ಲಿ ಸುತ್ತಿ ಹೋಗುತ್ತಿದ್ದೆ.

ತಾಂಡಾದವರು ಹಳ್ಳದಲ್ಲಿ ಒರತೆ ತೋಡಿ ಆ ರಾಡಿ ನೀರು ಕುಡಿದರು. ಅದೇ ಬೇಸಿಗೆ ಅಲ್ಲಿ ವಾಂತಿಭೇದಿ ಎದ್ದಿತು. ಹೀರಾಬಾಯಿಯ ಮೊಮ್ಮಗಳು — ಇನ್ನೂ ಹೆಜ್ಜೆ ಇಡಲು ಕಲಿಯುತ್ತಿದ್ದ ಕೂಸು — ನನ್ನ ಕೈಯಲ್ಲೇ ಹೋಯಿತು. ಸಲೈನ್ ಏರಿಸಲು ನರ ಸಿಗಲಿಲ್ಲ. ಹೀರಾಬಾಯಿ ಅಳುತ್ತಲೇ ನನ್ನ ಕೈ ಹಿಡಿದುಕೊಂಡು "ನೀವು ಬಂದ್ರಲ್ರಿ ಸಿಸ್ಟರ್, ಅಷ್ಟೇ ಸಾಕು" ಅಂದಳು. ಆ ಕೈಯನ್ನು ನಾನು ಬಿಡಿಸಿಕೊಳ್ಳಲಿಲ್ಲ. ನಿಜ ಹೇಳಲೂ ಇಲ್ಲ.

ವರ್ಷಗಳು ಹೋದವು. ಬಾವಿಯ ಮೆಟ್ಟಿಲು ಮುಚ್ಚಿ ಗೋಡೆ ಕಟ್ಟಿದರು, ಬೋರವೆಲ್ ಬಂತು, ನಾರು ಇಲ್ಲವೇ ಇಲ್ಲವಾಯಿತು. ನನಗೆ ನಿವೃತ್ತಿಯಾದಾಗ ಜೇವರ್ಗಿಯಲ್ಲಿ ಶಾಲು ಹೊದಿಸಿದರು. "ಈ ಭಾಗದಿಂದ ನಾರು ಓಡಿಸಿದ ತಾಯಿ" ಅಂತ ಒಬ್ಬರು ಭಾಷಣ ಮಾಡಿದರು. ಶಾಲು ಹೊದ್ದುಕೊಂಡು ಕೂತಿದ್ದೆ.

ಸಭೆ ಮುಗಿದ ಮೇಲೆ ಜನರ ನಡುವಿನಿಂದ ಒಬ್ಬಳು ಬಂದಳು. ಕೂದಲು ಬೆಳ್ಳಗಾಗಲು ಹತ್ತಿತ್ತು, ನಗು ಹಾಗೇ ಇತ್ತು. ಖಬರು ಕೇಳಿ ಆಳಂದದಿಂದ ಬಸ್ಸು ಹತ್ತಿ ಬಂದಿದ್ದಳು. ನನಗಾಗಿ! ಇಬ್ಬರೂ ಚಹಾ ಕುಡಿಯಲು ಕೂತೆವು. ಮಕ್ಕಳ ಮಾತಾಯಿತು, ಮೊಣಕಾಲು ನೋವಿನ ಮಾತಾಯಿತು. ಆಮೇಲೆ ಚಹಾದ ಬಸಿಯನ್ನು ಕೆಳಗಿಟ್ಟು ಅವಳು ಅಂದಳು:

"ಅಕ್ಕಾ, ಒಂದು ಮಾತು ಕೇಳ್ತೀನಿ. ಆ ವರ್ಷ ನಾರು ಎಲ್ಲಿಂದ ಬಂತು? ಎಷ್ಟು ವಿಚಾರ ಮಾಡಿದ್ರೂ ತಿಳಿಯವಲ್ದು. ಯಾರ ಕಾಲು ನಾ ನೋಡಲಿಲ್ಲ? ಯಾವ ಮನಿ ಬಿಟ್ಟೆ? ಇವತ್ತಿಗೂ ಒಂದೊಂದ್ಸಲ ಕನಸಿನ್ಯಾಗ ಮನಿ ಮನಿ ಹೊಕ್ಕು ಕಾಲು ನೋಡ್ತಿರ್ತೀನಿ."

ನನ್ನ ಕಾಲು ಅವಳ ಕಾಲಿನ ಪಕ್ಕದಲ್ಲೇ ಇತ್ತು. ಸೀರೆಯನ್ನು ಒಂದು ಬೆರಳಿನಷ್ಟು ಎತ್ತಿದ್ದರೆ ಸಾಕಾಗಿತ್ತು.

"ಏನೋ ನೋಡವ್ವ, ದೇವರಿಗೇ ಗೊತ್ತು" ಅಂದೆ. ಚಹಾ ಕುಡಿದು ಮುಗಿಸಿದೆ. ಅವಳ ಬಸ್ಸು ಬಂತು.

ಅವಳ ಮೇಲೆ ನನಗೆ ಹೊಟ್ಟೆಕಿಚ್ಚಿತ್ತು ಅಂತ ಇಷ್ಟು ಹೊತ್ತು "ಇತ್ತು" ಎಂದೇ ಬರೆಯುತ್ತ ಬಂದೆ. ಸುಳ್ಳು ಅದೂ. ಈಗಲೂ ಇದೆ. ಮೂರು ದಿನದಿಂದ ಆಳಂದಕ್ಕೆ ಹೊರಡಬೇಕು ಅಂತ ಚೀಲ ಕಟ್ಟಿಟ್ಟು ಕೂತಿದ್ದೇನೆ, ಯಾಕೆ ಏಳಲಾಗುತ್ತಿಲ್ಲ ಗೊತ್ತೇ? ಬೈಯುತ್ತಾಳೆ ಅಂತ ಅಲ್ಲ. ಬೈಯುವುದಿಲ್ಲ ಅಂತ. ಅವಳು ನನ್ನ ಕಾಲನ್ನು ತೊಡೆಯ ಮೇಲೆ ಎತ್ತಿಟ್ಟುಕೊಂಡು, ಆ ಹಳೆಯ ಗುರುತಿನ ಮೇಲೆ ಬೆರಳಾಡಿಸಿ, "ಎಷ್ಟು ಉರಿದಿರಬೇಕು ಅಕ್ಕಾ" ಅಂದುಬಿಡುತ್ತಾಳೆ. ಅನ್ನುವವಳೇ ಅವಳು. ಅಲ್ಲೂ ಅವಳೇ ದೊಡ್ಡವಳಾಗುತ್ತಾಳೆ. ಈ ವಯಸ್ಸಿನಲ್ಲೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ ನನಗೆ, ನಾಚಿಕೆಗೆಟ್ಟವಳಿಗೆ.

ಮೊದಲು ತಾಂಡಾಕ್ಕೆ ಹೋಗುತ್ತೇನೆ. ಹೀರಾಬಾಯಿ ಇದ್ದಾಳೆ, ಕಣ್ಣು ಮಂಜಾಗಿದೆಯಂತೆ. ಕಾಲು ಕಾಣದಿದ್ದರೆ ಅವಳ ಕೈ ಹಿಡಿದು ಗಿಣ್ಣಿನ ಮೇಲೆ ಇಟ್ಟುಕೊಂಡು ಹೇಳುತ್ತೇನೆ, ಇಡೀ ತಾಂಡಾ ಕೇಳುವ ಹಾಗೆ. ಆಮೇಲೆ ಊರ ಚಾವಡಿ. ಕಡೆಗೆ ಆಳಂದ. ಕ್ಷಮಿಸು ಅನ್ನುವುದಿಲ್ಲ — ಅದನ್ನು ಕೇಳುವ ಮುಖವಿಲ್ಲ, ಹಕ್ಕೂ ಇಲ್ಲ. ಅವಳ ಮನೆಯ ಹೊಸ್ತಿಲ ಮೇಲೆ ಕೂತು ಸೀರೆ ಮೇಲಕ್ಕೆ ಸರಿಸಿ ಇಷ್ಟು ಹೇಳುತ್ತೇನೆ: "ನೋಡು ರಾಬಿಯಾ. ನೀ ನೋಡಲಾರದ ಕಾಲು ಇದು. ಇನ್ನ ಕನಸಿನ್ಯಾಗ ಹುಡುಕಬ್ಯಾಡ."

ಅವಳು ನೀರು ತಂದುಕೊಟ್ಟರೆ, ಈ ಸಲ ಕುಡಿಯುತ್ತೇನೆ.